ಎಣ್ಣೆಗೆ ಬಂದದ್ದೇನು, ಹಿಂಡಿಯಲ್ಲಿ ಉಳಿದದ್ದೇನು? ಎಣ್ಣೆಕಾಳುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮ ಕೊಪ್ಪಳದಲ್ಲಿ ಎಣ್ಣೆ ಗಾಣ ನಡೆಸುತ್ತಾನೆ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ರಜೆಯ ದಿನ ಗಾಣದ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಕಾಳು ತಂದವರು ಏನಾದರೂ ಕೇಳದೆ ಹೋಗುವುದಿಲ್ಲ. ಕೆಲವರು ಪತ್ರ ಬರೆದು ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆಯುವಂಥವು ಕೊನೆಗೆ.

## ಕಾಳಿನ ಒಳಗೆ

ಎಣ್ಣಿಕಾಳು ಅಂದ್ರ ಯಾವ್ಯಾವು? ಹತ್ತಿಕಾಳೂ ಅದರಾಗ ಬರ್ತಾವೇನು?

ಗಿಡ ತನ್ನ ಮರಿಗೆ ಕಟ್ಟಿಕೊಡುವ ಬುತ್ತಿಯೇ ಬೀಜ. ಜೋಳ, ಭತ್ತ ಆ ಬುತ್ತಿಯನ್ನು ಹಿಟ್ಟಿನ ರೂಪದಲ್ಲಿ ಕಟ್ಟುತ್ತವೆ. ತೊಗರಿ, ಕಡಲೆಯ ಬುತ್ತಿಯಲ್ಲಿ ಹಿಟ್ಟಿನ ಜೊತೆ ಪ್ರೋಟೀನ್ ಜಾಸ್ತಿ. ಶೇಂಗಾ, ಎಳ್ಳು, ಸೂರ್ಯಪಾನ (ಸೂರ್ಯಕಾಂತಿ), ಕುಸುಬಿ, ಗುರೆಳ್ಳು (ಹುಚ್ಚೆಳ್ಳು), ಅಗಸಿ, ಔಡಲ (ಹರಳು) ಇವು ಎಣ್ಣೆಯ ರೂಪದಲ್ಲಿ ಕಟ್ಟುತ್ತವೆ. ಒಂದು ಗ್ರಾಂ ಹಿಟ್ಟಿನಲ್ಲಿ 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಸಣ್ಣ ಗಂಟಿನಲ್ಲಿ ದೊಡ್ಡ ಬುತ್ತಿ. ಅಷ್ಟು ಪುಟ್ಟ ಎಳ್ಳಿಗೆ ಇದಕ್ಕಿಂತ ಒಳ್ಳೆ ಉಪಾಯ ಇರಲಿಲ್ಲ ಬಿಡಿ.

ಹತ್ತಿಯನ್ನು ಬೆಳೆಯುವುದು ನೂಲಿಗೆ. ಆದರೂ ಕಾಳಿನಲ್ಲಿ ಎಣ್ಣೆ ಇದೆ, ಮಿಲ್ಲಿನವರು ತೆಗೆಯುತ್ತಾರೆ. ಆ ಲೆಕ್ಕಕ್ಕೆ ಅದೂ ಎಣ್ಣೆಕಾಳೇ.

ಯಾವ ಕಾಳಿನಾಗ ಎಷ್ಟು ಎಣ್ಣಿ ಇರತೈತಿ?

ಶೇಂಗಾ ಬೀಜದಲ್ಲಿ 45ರಿಂದ 50%. ಎಳ್ಳಿನಲ್ಲೂ ಹೆಚ್ಚೂಕಡಿಮೆ ಅಷ್ಟೇ, ಕೆಲವು ತಳಿಗಳಲ್ಲಿ 50 ದಾಟುತ್ತದೆ. ಔಡಲ 45–50. ಗುರೆಳ್ಳು, ಅಗಸಿ, ಸಿಪ್ಪೆ ಸಮೇತ ಸೂರ್ಯಪಾನ ಇವು 35–42ರ ನಡುವೆ. ಕುಸುಬಿ 30ರ ಆಸುಪಾಸು, ಯಾಕಂದರೆ ಅದರ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೀ ಸಿಪ್ಪೆ. ಹತ್ತಿಕಾಳಿನಲ್ಲಿ 18–20.

ತಳಿ, ಮಳೆ, ಭೂಮಿ ನೋಡಿಕೊಂಡು ಇವು ಹಿಂದೆ ಮುಂದೆ ಆಗುತ್ತವೆ. "ನಮ್ಮ ಶೇಂಗಾದಾಗ 60 ಪರ್ಸೆಂಟ್ ಎಣ್ಣಿ ಐತಿ" ಎಂದು ಯಾರಾದರೂ ಬೀಜ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ನೂರು ಕೆಜಿ ಶೇಂಗಾಕಾಯಿ ಗಾಣಕ್ಕ ತಂದ್ರ ಎಷ್ಟು ಎಣ್ಣಿ ಬರಬೇಕು? ಗಾಣದವ್ರು ಇಟ್ಕೊಂತಾರೇನೋ ಅನಸ್ತೈತಿ.

ಗಾಣದವನ ಅಣ್ಣನನ್ನೇ ಕೇಳುತ್ತೀರಿ! ಆದರೂ ಲೆಕ್ಕ ಲೆಕ್ಕವೇ.

ಕಾಯಿ ಚೆನ್ನಾಗಿ ತುಂಬಿದ್ದರೆ 100 ಕೆಜಿ ಕಾಯಿ ಒಡೆದಾಗ ಸುಮಾರು 70 ಕೆಜಿ ಬೀಜ ಸಿಗುತ್ತದೆ. ಬೀಜದಲ್ಲಿ 48% ಎಣ್ಣೆ ಅಂತ ಹಿಡಿದರೆ 33.6 ಕೆಜಿ. ಇದು ಬೀಜದಲ್ಲಿ *ಇರುವ* ಎಣ್ಣೆ. ಗಾಣ ಅದನ್ನೆಲ್ಲ ಹಿಂಡುವುದಿಲ್ಲ, ಹಿಂಡಿಯಲ್ಲಿ 10%ರಷ್ಟು ಎಣ್ಣೆ ಉಳಿಯುತ್ತದೆ. ಅಂದರೆ 40 ಕೆಜಿ ಹಿಂಡಿ, ಅದರೊಳಗೆ 4 ಕೆಜಿ ಎಣ್ಣೆ. ನಿಮ್ಮ ಕೈಗೆ ಬರುವುದು 29 ಕೆಜಿ ಚಿಲ್ಲರೆ. ತಳದ ಗಸಿ ಇಳಿಸಿ ಸೋಸಿದ ಮೇಲೆ ಇನ್ನೊಂದು ಸ್ವಲ್ಪ ಕಡಿಮೆ. ಒಂದು ಲೀಟರ್ ಶೇಂಗಾ ಎಣ್ಣೆಯ ತೂಕ 910 ಗ್ರಾಂ ಮಾತ್ರ. ಹಾಗಾಗಿ ಲೀಟರಿನಲ್ಲಿ ಅಳೆದರೆ 31–32 ಆಗುತ್ತದೆ. ಅರ್ಧ ಜಗಳ ಹುಟ್ಟುವುದೇ ಕೆಜಿ ಮತ್ತು ಲೀಟರನ್ನು ಒಂದೇ ಅಂದುಕೊಳ್ಳುವುದರಿಂದ.

ಎಕ್ಸ್‌ಪೆಲ್ಲರ್ ಮಿಲ್ಲು ಹಿಂಡಿಯಲ್ಲಿ 6–8% ಬಿಡುತ್ತದೆ. ಹೆಕ್ಸೇನ್ ಎಂಬ ದ್ರಾವಕ ಹಾಕಿ ತೆಗೆಯುವ ದೊಡ್ಡ ಕಾರ್ಖಾನೆ 1% ಉಳಿಸಿದರೆ ಹೆಚ್ಚು. ಇನ್ನು ಬರಗಾಲದ ವರ್ಷದ ಜೊಳ್ಳು ಕಾಯಿ ತಂದು ಈ ಲೆಕ್ಕ ಹಿಡಿದು ಜಗಳಕ್ಕೆ ನಿಲ್ಲಬೇಡಿ.

ಹಿಂಡಿ ದನಕ್ಕೂ ಹಾಕ್ತೀವಿ, ರೊಟ್ಟಿಗೂ ಹಚ್ಕೊಂತೀವಿ. ಎರಡೂ ಒಂದೇನಾ?

ಮೈಸೂರು ಕಡೆಯ ಸೊಸೆಯೊಬ್ಬರು ಕೇಳಿದ ಪ್ರಶ್ನೆ ಇದು. ಪಾಪ, ಮೊದಲ ದಿನ ಗಾಬರಿ ಆಗಿದ್ದರಂತೆ. ನಮ್ಮಲ್ಲಿ ಹೆಸರು ಒಂದೇ, ಪದಾರ್ಥ ಎರಡು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದರೆ ಇಡೀ ಕಾಳನ್ನು ಹುರಿದು, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ. ಎಣ್ಣೆ ಅದರಲ್ಲೇ ಇರುತ್ತದೆ. ದನದ ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿದದ್ದು. ಎಣ್ಣೆ ಹೋದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಶೇಂಗಾ ಬೀಜದಲ್ಲಿ 25% ಇದ್ದ ಪ್ರೋಟೀನ್ ಹಿಂಡಿಯಲ್ಲಿ 40% ದಾಟುತ್ತದೆ.

ಈ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಗಾಣದಲ್ಲಿ ಕಾಳು ಎರಡು ದಾರಿಯಾಗಿ ಒಡೆಯುತ್ತದೆ. ಎಣ್ಣೆಯಲ್ಲಿ ಕರಗುವಂಥವು, ಉದಾಹರಣೆಗೆ ವಿಟಮಿನ್ ಇ, ಬಹುಪಾಲು ಎಣ್ಣೆಯ ಜೊತೆ ಹೋಗುತ್ತವೆ. ಪ್ರೋಟೀನ್, ನಾರು, ಕ್ಯಾಲ್ಸಿಯಂ, ಕಬ್ಬಿಣ, ಬಿ ವಿಟಮಿನ್‌ಗಳು ಹಿಂಡಿಯಲ್ಲಿ ಕೂರುತ್ತವೆ. ಮುಂದಿನ ಎಷ್ಟೋ ಉತ್ತರಗಳು ಇಲ್ಲಿಂದಲೇ ಹುಟ್ಟುತ್ತವೆ.

ಯಾವ ಎಣ್ಣಿಯೊಳಗ ಕೊಬ್ಬು ಕಡಿಮಿ?

ಯಾವುದರಲ್ಲೂ ಕಡಿಮೆ ಇಲ್ಲ. ಎಣ್ಣೆ ಅಂದರೇನೇ ಕೊಬ್ಬು. ಗಾಣದ್ದಾಗಲಿ, ಪಾಕೀಟಿನದ್ದಾಗಲಿ 100 ಗ್ರಾಂಗೆ 900 ಕ್ಯಾಲರಿ. "ಕೊಲೆಸ್ಟ್ರಾಲ್ ಇಲ್ಲ" ಎಂದು ಪಾಕೀಟಿನ ಮೇಲೆ ಬರೆಯುವುದೂ ದೊಡ್ಡಸ್ತಿಕೆಯಲ್ಲ. ಗಿಡದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. ಬೇರೆ ಬೇರೆ ಎಣ್ಣೆಗಳಿಗೆ ಫರಕು ಇರುವುದು ಕೊಬ್ಬಿನ ಜಾತಿಯಲ್ಲಿ. ಅದನ್ನು ಕೊನೆಯ ಭಾಗದಲ್ಲಿ ನೋಡೋಣ.

## ಅಡಿಗೆಮನೆಯ ಕಡೆಯಿಂದ

ಶೇಂಗಾ ಬಡವರ ಬಾದಾಮಿ ಅಂತಾರ. ಖರೇನೋ, ಸುಮ್ನ ಸಮಾಧಾನಕ್ಕ ಹೇಳ್ತಾರೋ?

ಬಹಳಷ್ಟು ಖರೆ. ಎಣ್ಣೆಯ ಅಂಶ ಎರಡರಲ್ಲೂ ಸುಮಾರು ಒಂದೇ. ಪ್ರೋಟೀನಿನಲ್ಲಿ ಶೇಂಗಾನೇ ಮುಂದೆ, ಬಾದಾಮಿ 20%ರ ಆಸುಪಾಸು ನಿಲ್ಲುತ್ತದೆ. ನಯಾಸಿನ್ ಎಂಬ ಬಿ ವಿಟಮಿನ್ ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ. ಬಾದಾಮಿ ಇದರ ಹತ್ತಿರಕ್ಕೂ ಬರುವುದಿಲ್ಲ. ಅದು ಗೆಲ್ಲುವುದು ಕ್ಯಾಲ್ಸಿಯಂನಲ್ಲಿ, ವಿಟಮಿನ್ ಇ ಯಲ್ಲಿ.

ಶೇಂಗಾ ಪ್ರೋಟೀನಿಗೆ ಒಂದು ಕೊರತೆ ಇದೆ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಲೈಸೀನ್, ಮೆಥಿಯೋನೀನ್ ಎರಡೂ ಅದರಲ್ಲಿ ಕಡಿಮೆ. ಲೈಸೀನ್ ಬೇಳೆಯಲ್ಲಿ ಜಾಸ್ತಿ, ಮೆಥಿಯೋನೀನ್ ಎಳ್ಳಿನಲ್ಲಿ ಜಾಸ್ತಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಾಗಿನ ಬುತ್ತಿ ನೆನಪು ಮಾಡಿಕೊಳ್ಳಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳುಪಲ್ಯ, ಗುರೆಳ್ಳು ಹಾಕಿದ ಎಣ್ಣಿಗಾಯಿ. ಒಂದರ ಕೊರತೆ ಇನ್ನೊಂದು ತುಂಬುತ್ತದೆ. ನಮ್ಮವ್ವ ಅಮೈನೋ ಆಮ್ಲದ ಹೆಸರು ಕೇಳಿದವಳಲ್ಲ.

ಎಳ್ಳಿನಾಗ ಹಾಲಿಗಿಂತ ಕ್ಯಾಲ್ಸಿಯಂ ಜಾಸ್ತಿ ಅಂತಲ್ಲ, ಹಂಗಾದ್ರ ಎಳ್ಳೆಣ್ಣಿ ಕುಡದ್ರ ಎಲುಬು ಗಟ್ಟಿ ಆಗ್ತಾವೇನು?

ಇಲ್ಲ. ಕ್ಯಾಲ್ಸಿಯಂ ಎಣ್ಣೆಯಲ್ಲಿ ಕರಗುವುದಿಲ್ಲ. ಅದು ಪೂರ್ತಿ ಹಿಂಡಿಗೆ ಹೋಗುತ್ತದೆ. ಎಳ್ಳೆಣ್ಣೆಯಲ್ಲಿ ಕ್ಯಾಲ್ಸಿಯಂ ಹುಡುಕುವುದು ತುಪ್ಪದಲ್ಲಿ ಮಜ್ಜಿಗೆ ಹುಡುಕಿದ ಹಾಗೆ.

ಇಡೀ ಎಳ್ಳಿನ ಮಾತು ಬೇರೆ. ಸಿಪ್ಪೆ ಸಮೇತ 100 ಗ್ರಾಂ ಎಳ್ಳಿನಲ್ಲಿ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ 120. ಆದರೆ ಯಾರೂ 100 ಗ್ರಾಂ ಎಳ್ಳು ತಿನ್ನುವುದಿಲ್ಲ, ಒಂದು ಚಮಚ ತಿನ್ನುತ್ತೇವೆ. ಇನ್ನೊಂದು ತೊಡಕೂ ಇದೆ. ಆ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿ, ಆಕ್ಸಲೇಟ್ ಎಂಬ ವಸ್ತುವಿನ ಜೊತೆ ಅಂಟಿಕೊಂಡು ಕೂತಿರುತ್ತದೆ. ಹೊಟ್ಟೆ ಅದನ್ನು ಪೂರ್ತಿ ಬಿಡಿಸಿಕೊಳ್ಳಲಾರದು. ಸಿಪ್ಪೆ ತೆಗೆದ ಎಳ್ಳಿನಲ್ಲಿ ಆಕ್ಸಲೇಟ್ ಹೋಗುತ್ತದೆ, ಕ್ಯಾಲ್ಸಿಯಂ ಕೂಡ 100 ಮಿಲಿಗ್ರಾಂ ಒಳಗೆ ಇಳಿಯುತ್ತದೆ. ಬಿಳಿ ಎಳ್ಳೆಲ್ಲ ಸಿಪ್ಪೆ ತೆಗೆದದ್ದಲ್ಲ ಅನ್ನುವುದೂ ಗೊತ್ತಿರಲಿ. ಕೆಲವು ತಳಿಗಳ ಸಿಪ್ಪೆಯೇ ಬೆಳ್ಳಗಿರುತ್ತದೆ.

ಅಗಸಿ ಹಸೀದು ತಿನ್ನಬೇಕೋ, ಹುರದು ತಿನ್ನಬೇಕೋ?

ಹದವಾಗಿ ಹುರಿದು, ಪುಡಿ ಮಾಡಿ ತಿನ್ನಿ. ಕಾರಣ ಎರಡು. ಅಗಸಿಯ ಸಿಪ್ಪೆ ನುಣುಪು, ಗಟ್ಟಿ. ಇಡೀ ಕಾಳು ನುಂಗಿದರೆ ಅದು ಹೋದ ಹಾಗೇ ಹೊರಗೆ ಬರುತ್ತದೆ. ಎರಡನೆಯದಾಗಿ, ಹಸಿ ಅಗಸಿಯಲ್ಲಿ ಸೈನೈಡ್ ಬಿಡುವ ವಸ್ತುಗಳು ಸ್ವಲ್ಪ ಇವೆ. ಒಂದೆರಡು ಚಮಚಕ್ಕೆ ಹೆದರಬೇಕಿಲ್ಲ. ಹುರಿದರೆ ಇನ್ನೂ ಕಡಿಮೆ ಆಗುತ್ತವೆ.

ಅಗಸಿ ಎಣ್ಣೆಯ ಅರ್ಧಕ್ಕಿಂತ ಜಾಸ್ತಿ ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಗಿಡದ ಒಮೆಗಾ-3. ಮೀನಿನದು ಬೇರೆ ಜಾತಿಯ ಒಮೆಗಾ-3. ನಮ್ಮ ದೇಹ ಗಿಡದ್ದನ್ನು ಮೀನಿನದಾಗಿ ಬದಲಿಸುವುದು ಬಹಳ ಕಡಿಮೆ. ಇದು ಗಾಳಿಗೆ ಬೇಗ ಕೆಡುವ ಎಣ್ಣೆಯೂ ಹೌದು, ಅದಕ್ಕೇ ಪುಡಿಯನ್ನು ತಿಂಗಳಾನುಗಟ್ಟಲೆ ಇಡಬೇಡಿ. ಬಡಗಿಗಳು ಇದೇ ಎಣ್ಣೆಯನ್ನು ಮರಕ್ಕೆ ಬಳಿಯುತ್ತಾರೆ. ಒಣಗಿ ಪದರ ಕಟ್ಟುತ್ತದೆ. ಅದನ್ನು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುವುದುಂಟು.

ಎಣ್ಣಿ ನೀರು ಕೂಡೂದಿಲ್ಲ ಅಂತಾರ. ಹಂಗಾದ್ರ ಕುಸುಬಿ ಹಾಲು ಹೆಂಗ ಆಗತೈತಿ?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಕುಸುಬಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ಅದರಿಂದ ಗೋಧಿ ಹುಗ್ಗಿ ಮಾಡುತ್ತೇವೆ. ಕಾಳಿನೊಳಗೆ ಎಣ್ಣೆ ಕೊಳದ ಹಾಗೆ ನಿಂತಿರುವುದಿಲ್ಲ, ಕಣ್ಣಿಗೆ ಕಾಣದ ಹನಿಗಳಾಗಿರುತ್ತದೆ. ಪ್ರತಿ ಹನಿಯ ಸುತ್ತ ಓಲಿಯೋಸಿನ್ ಎಂಬ ಪ್ರೋಟೀನಿನ ತೆಳು ಅಂಗಿ. ಆ ಅಂಗಿ ನೀರಿನ ಜೊತೆ ಹೊಂದಿಕೊಳ್ಳುತ್ತದೆ, ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ನೀರು ಹಾಕಿ ರುಬ್ಬಿದಾಗ ಅಂಗಿ ಸಮೇತ ಹನಿಗಳು ತೇಲಿ ಬೆಳ್ಳಗೆ ಕಾಣುತ್ತವೆ. ಗಾಣದಲ್ಲಿ ಒತ್ತಡ, ತಿಕ್ಕಾಟ ಎರಡೂ ಬಿದ್ದು ಅಂಗಿ ಹರಿಯುತ್ತದೆ. ಹನಿಗಳು ಕೂಡಿ ಎಣ್ಣೆಯಾಗಿ ಇಳಿಯುತ್ತವೆ. ಒಂದೇ ಕಾಳು, ಒಂದು ಕಡೆ ಹಾಲು, ಇನ್ನೊಂದು ಕಡೆ ಎಣ್ಣೆ.

ಔಡಲ ಬೀಜ ವಿಷ ಅಂತೀರಿ, ಮತ್ತ ನಮ್ಮಜ್ಜಿ ಔಡಲೆಣ್ಣಿ ಕುಡಸ್ತಿದ್ಲಲ್ಲ?

ವಿಷದ ಹೆಸರು ರೈಸಿನ್. ಅದೊಂದು ಪ್ರೋಟೀನ್. ಪ್ರೋಟೀನ್ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ ಎಂದು ಆಗಲೇ ಹೇಳಿದೆನಲ್ಲ. ಅದಕ್ಕೇ ಔಡಲ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರೆ, ದನಕ್ಕೆ ಹಾಕುವುದಿಲ್ಲ. ಎಣ್ಣೆಯಲ್ಲಿ 85–90% ಇರುವುದು ರಿಸಿನೋಲೀಯಿಕ್ ಆಮ್ಲ. ಭೇದಿ ಮಾಡಿಸಿ ಹೊಟ್ಟೆ ಖಾಲಿ ಮಾಡುವುದು ಅದರ ಕೆಲಸ. ಅಜ್ಜಿಯ ಕಾಲ ಮುಗಿಯಿತು, ಈಗ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕುಡಿಸಬೇಡಿ. ಬೀಜ ಮಕ್ಕಳ ಕೈಗೆ ಸಿಗದಂತೆ ಇಡಿ.

ಗಾಣದ ಎಣ್ಣಿ ಚೊಲೋನೋ, ರಿಫೈಂಡ್ ಚೊಲೋನೋ?

ತಮ್ಮನಿಗೆ ಸಿಟ್ಟು ಬಂದರೂ ಸರಿ, ಇದ್ದದ್ದು ಹೇಳುತ್ತೇನೆ. ಗಾಣದ ಎಣ್ಣೆಯಲ್ಲಿ ವಾಸನೆ, ರುಚಿ, ವಿಟಮಿನ್ ಇ, ಸ್ಟೆರಾಲ್‌ಗಳು ಉಳಿಯುತ್ತವೆ. ಎಳ್ಳೆಣ್ಣೆಯಾದರೆ ಸೆಸಮಿನ್, ಸೆಸಮೋಲಿನ್ ಎಂಬ ವಸ್ತುಗಳೂ ಇರುತ್ತವೆ. ಹುರಿದ ಎಳ್ಳಿನ ಎಣ್ಣೆ ಬೇಗ ಕೆಡದಿರಲು ಸೆಸಮೋಲಿನ್‌ನಿಂದ ಹುಟ್ಟುವ ಸೆಸಮೋಲ್ ದೊಡ್ಡ ಕಾರಣ. ಆದರೆ ಕಾಳಿನಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದರ ಚೂರೂ ಗಾಣದ ಎಣ್ಣೆಗೆ ಬರುತ್ತದೆ. ರಿಫೈಂಡ್ ಮಾಡುವಾಗ ಒಳ್ಳೆಯದು, ಕೆಟ್ಟದ್ದು ಎರಡೂ ಅಷ್ಟಷ್ಟು ಹೋಗುತ್ತವೆ. ಆದ್ದರಿಂದ ಗಾಣದ ಎಣ್ಣೆಯ ಗುಣ ಇರುವುದು ನೀವು ತರುವ ಕಾಳಿನಲ್ಲಿ. ಶೇಂಗಾ ಅಲರ್ಜಿ ಇರುವವರು ಗಾಣದ ಶೇಂಗಾ ಎಣ್ಣೆಯಿಂದ ದೂರ ಇರಬೇಕು. ಅದರಲ್ಲಿ ಪ್ರೋಟೀನಿನ ಕಣಗಳು ಉಳಿದಿರಬಹುದು.

ಗಂಗಾವತಿ ಕಡೆ ಅಕ್ಕಿಗಿರಣಿಗೋಳು ಅದಾವಲ್ಲ, ತೌಡಿನ ಎಣ್ಣಿ ನಾವೂ ಗಾಣದಾಗ ತೆಗಿಬಹುದೇನು?

ಆಗುವುದಿಲ್ಲ. ತೌಡಿನಲ್ಲಿ 15–20% ಎಣ್ಣೆ ಇದೆ, ಜೊತೆಗೇ ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಭತ್ತದೊಳಗೆ ಇವೆರಡೂ ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಗಿರಣಿಯಲ್ಲಿ ಪಾಲಿಶ್ ಆದ ಕೂಡಲೇ ಕೂಡಿಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಎಣ್ಣೆ ಹುಳಿಯಾಗತೊಡಗುತ್ತದೆ. ತೌಡಿಗೆ ಬೇಗ ಹಬೆ ಕೊಟ್ಟು ಕಿಣ್ವವನ್ನು ಸುಮ್ಮನಾಗಿಸಿ, ದ್ರಾವಕದಿಂದ ಎಣ್ಣೆ ತೆಗೆಯಬೇಕು. ಅದು ಕಾರ್ಖಾನೆಯ ಕೆಲಸ.

## ಹೊಲ, ಕಣ, ಕೊಟ್ಟಿಗೆ

ಶೇಂಗಾಕ್ಕ ಜಿಪ್ಸಂ ಹಾಕ್ರಿ ಅಂತಾರ. ಅದಕ್ಕೂ ಎಣ್ಣಿಗೂ ಏನ್ ಸಂಬಂಧ?

ಜಿಪ್ಸಂ ಎಂದರೆ ಕ್ಯಾಲ್ಸಿಯಂ ಮತ್ತು ಗಂಧಕ. ಎಣ್ಣೆಯಲ್ಲಿ ಗಂಧಕ ಇರುವುದಿಲ್ಲ, ಆದರೆ ಎಣ್ಣೆ ತಯಾರಾಗಲು ಬೇಕಾದ ಕಿಣ್ವಗಳಿಗೆ, ಪ್ರೋಟೀನಿಗೆ ಗಂಧಕ ಬೇಕು. ಕ್ಯಾಲ್ಸಿಯಂ ಕತೆ ಇನ್ನೂ ಚೆಂದ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆ, ಮತ್ತೆ ಕೆಳಗೆ ಕಾಯಿಗೆ ಇಳಿಯುವುದಿಲ್ಲ. ನೆಲದೊಳಗೆ ಬೆಳೆಯುವ ಕಾಯಿ ತನಗೆ ಬೇಕಾದ್ದನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. ಹಾಗಾಗಿ ಹೂ ಬಿಟ್ಟು ಸೂಜಿ (ತುದಿಯಲ್ಲಿ ಕಾಯಿ ಕಟ್ಟುವ ತೊಟ್ಟು) ನೆಲಕ್ಕೆ ಇಳಿಯುವ ಹೊತ್ತಿಗೆ ಬುಡಕ್ಕೇ ಜಿಪ್ಸಂ ಕೊಡುತ್ತಾರೆ. ಹೆಕ್ಟೇರಿಗೆ 500 ಕೆಜಿ ವಾಡಿಕೆಯ ಪ್ರಮಾಣ. ಮಸಾರಿ ಭೂಮಿಯಲ್ಲಿ ಜೊಳ್ಳು ಕಾಯಿ ಜಾಸ್ತಿ ಆಗುತ್ತಿದ್ದರೆ ಮೊದಲು ಇದನ್ನು ನೋಡಿ. ಯೂರಿಯಾ ಸುರಿದರೆ ಎಣ್ಣೆ ಹೆಚ್ಚುತ್ತದೆ ಅಂದುಕೊಂಡವರೂ ಇದ್ದಾರೆ. ಸಾರಜನಕ ಹೆಚ್ಚಾದರೆ ಪ್ರೋಟೀನ್ ಏರಿ ಎಣ್ಣೆಯ ಪಾಲು ಇಳಿಯುತ್ತದೆ.

ಬೂಷ್ಟು ಹಿಡದ ಶೇಂಗಾ ಹುರದ್ರ ಸರಿ ಹೋಗತೈತೇನು? ಎಣ್ಣಿ ತೆಗದ್ರ?

ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್, ಲಿವರ್ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಇದು ಜಗತ್ತಿಗೆ ಗೊತ್ತಾದದ್ದೇ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಅಂತ ತಿಳಿಯದೆ ಒದ್ದಾಡಿದರು. ಕಡೆಗೆ ನೋಡಿದರೆ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷ ಇತ್ತು.

ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಗೆ ಹೋಗುತ್ತದೆ. ಆದರೆ ಸರಿಯಾಗಿ ಸೋಸದ ಗಾಣದ ಎಣ್ಣೆಯ ಗಸಿಯಲ್ಲಿ ಅದೂ ಬರುತ್ತದೆ. ಆ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಒಂದು ದಿನದೊಳಗೆ ಅದರ ಇನ್ನೊಂದು ರೂಪ ಕಾಣಿಸುತ್ತದೆ. ಸುತ್ತಿ ಬಳಸಿ ಮನೆಗೇ ಬಂತು, ಅಲ್ವಾ?

ಬೆಳೆಯ ಕೊನೆಗೆ ಮಳೆ ಕೈಕೊಟ್ಟು ಭೂಮಿ ಕಾದರೆ ಬೂಷ್ಟು ಹೊಲದಲ್ಲೇ ಸೇರಿಕೊಳ್ಳುತ್ತದೆ. ಹಸಿ ಕಾಯಿಯನ್ನು ರಾಶಿ ಹಾಕಿ ತಾಡಪತ್ರಿ ಮುಚ್ಚಿದರೆ ಕಣದಲ್ಲಿ. ಕಾಯಿ ಅಲುಗಿಸಿದರೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಿ. ಬೀಜದ ತೇವ 8%ಕ್ಕಿಂತ ಕೆಳಗಿರಬೇಕು. ಸುಕ್ಕು, ಕಪ್ಪು, ಒಡಕು ಬೀಜ ಆರಿಸಿ ತೆಗೆಯಿರಿ. ತೆಗೆದದ್ದನ್ನು "ದನಕ್ಕಾದ್ರೂ ಆಗ್ಲಿ" ಎಂದು ಎತ್ತಿಡಬೇಡಿ.

ಎಮ್ಮಿ ಹತ್ತಿಕಾಳು ತಿಂದು ಗಟ್ಟಿ ಹಾಲು ಕೊಡತೈತಿ. ಕೋಳಿಗೆ ಹಾಕಬಾರದು ಅಂತಾರ, ಯಾಕ?

ಹತ್ತಿಕಾಳಿನಲ್ಲಿ ಗಾಸಿಪೋಲ್ ಎಂಬ ಹಳದಿ ವಸ್ತು ಇದೆ, ಹುಳಗಳಿಂದ ಕಾಯಲು ಗಿಡವೇ ಮಾಡಿಕೊಂಡದ್ದು. ದೊಡ್ಡ ದನದ ಹೊಟ್ಟೆಯ ಮೊದಲ ಕೋಣೆಯಲ್ಲಿ ಅದು ಬಹುಪಾಲು ಪ್ರೋಟೀನಿಗೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಕೋಳಿಗೆ ಅಂಥ ಹೊಟ್ಟೆ ಇಲ್ಲ. ಮೊಟ್ಟೆಯನ್ನು ಕೆಲ ದಿನ ಎತ್ತಿಟ್ಟರೆ ಒಳಗಿನ ಹಳದಿ ಭಾಗ ಹಸಿರಿಗೆ ತಿರುಗುವುದೂ ಇದರಿಂದಲೇ. ಸಣ್ಣ ಕರುವಿಗೂ ಆ ಕೋಣೆ ಇನ್ನೂ ಬೆಳೆದಿರುವುದಿಲ್ಲ. ಅದಕ್ಕೂ ಬೇಡ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದೇ ಬೀಜ. ಹಿಂಗಾರಿ ಸೂರ್ಯಪಾನದ ಎಣ್ಣಿಗೂ ಬ್ಯಾಸಗಿದಕ್ಕೂ ಫರಕು ಇರತೈತೇನು?

ಇರುತ್ತದೆ. ಕೊಬ್ಬಿನ ಜಾತಿ ಎಂದೆನಲ್ಲ, ಅದು ಕೊಬ್ಬಿನ ಆಮ್ಲಗಳ ಮಾತು. ಸೂರ್ಯಪಾನದ ಎಣ್ಣೆಯಲ್ಲಿ ಅಂಥ ಎರಡು ಆಮ್ಲಗಳು ಮುಖ್ಯ. ಒಲೀಯಿಕ್ ಆಮ್ಲದ ಇಂಗಾಲದ ಸರಪಳಿಯಲ್ಲಿ ಒಂದು ಜೋಡಿ ಬಂಧ (ಎರಡು ಇಂಗಾಲಗಳ ನಡುವಿನ ಇಮ್ಮಡಿ ಕೊಂಡಿ), ಲಿನೋಲೀಯಿಕ್‌ನಲ್ಲಿ ಎರಡು. ಗಿಡ ಮೊದಲು ಒಲೀಯಿಕ್ ಮಾಡಿ, ಆಮೇಲೆ ಒಂದು ಕಿಣ್ವದಿಂದ ಅದನ್ನು ಲಿನೋಲೀಯಿಕ್ ಮಾಡುತ್ತದೆ. ಆ ಕಿಣ್ವಕ್ಕೆ ಬಿಸಿಲು ಆಗಿಬರುವುದಿಲ್ಲ. ಚಳಿಯಲ್ಲಿ ಕಾಳು ಕಟ್ಟಿದರೆ ಲಿನೋಲೀಯಿಕ್ 60% ದಾಟುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕಟ್ಟಿದರೆ ಒಲೀಯಿಕ್ ಪಾಲು ಏರುತ್ತದೆ. ಆದ್ದರಿಂದ "ಸೂರ್ಯಕಾಂತಿ ಎಣ್ಣೆಯಲ್ಲಿ ಇಷ್ಟೇ" ಎಂದು ಒಂದೇ ಅಂಕಿ ಹೇಳುವವರನ್ನು ಯಾವ ಹಂಗಾಮಿನದು ಅಂತ ಕೇಳಿ.

ಹೈ-ಒಲೀಯಿಕ್ ಶೇಂಗಾ ಅಂದ್ರ ಏನು?

ಆ ಕಿಣ್ವವೇ ಕೆಲಸ ಮಾಡದಂಥ ತಳಿ. ಮಾಮೂಲಿ ಶೇಂಗಾ ಎಣ್ಣೆಯಲ್ಲಿ ಒಲೀಯಿಕ್ 40–50%, ಲಿನೋಲೀಯಿಕ್ 30ರ ಸುತ್ತಮುತ್ತ. ಹೈ-ಒಲೀಯಿಕ್ ತಳಿಯಲ್ಲಿ ಒಲೀಯಿಕ್ 80ರ ಹತ್ತಿರ. ನಮ್ಮ ದೇಶದಲ್ಲಿ ಗಿರ್ನಾರ್-4, ಗಿರ್ನಾರ್-5 ಇಂಥವು, 2020ರಲ್ಲಿ ದೇಶಕ್ಕೆ ಅರ್ಪಿಸಿದ ತಳಿಗಳ ಸಾಲಿನಲ್ಲಿದ್ದವು. ಜೋಡಿ ಬಂಧ ಕಡಿಮೆ ಇದ್ದಷ್ಟೂ ಎಣ್ಣೆಗೆ ಆಮ್ಲಜನಕ ಬೇಗ ಹತ್ತುವುದಿಲ್ಲ. ಚಿಕ್ಕಿ, ಹುರಿದ ಶೇಂಗಾ ಬೇಗ ಕಮಟು ಬರುವುದಿಲ್ಲ. ಪ್ರೋಟೀನ್ ವಿಷಯದಲ್ಲಿ ದೊಡ್ಡ ಫರಕಿಲ್ಲ.

ಎಣ್ಣಿ ಲ್ಯಾಬ್ ರಿಪೋರ್ಟಿನಾಗ ಅಯೋಡಿನ್ ಬೆಲೆ ಅಂತ ಬರದಾರ. ಉಪ್ಪಿನಾಗಿನ ಅಯೋಡಿನ್ ಏನು ಅದು?

ಅಲ್ಲ, ಎಣ್ಣೆಯಲ್ಲಿ ಅಯೋಡಿನ್ ಇರುವುದಿಲ್ಲ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಹಿಡಿಯುವುದು ಜೋಡಿ ಬಂಧಗಳು. ಕೊಬ್ಬರಿ ಎಣ್ಣೆ 10ರ ಒಳಗೆ, ಶೇಂಗಾ 85–99, ಕುಸುಬಿ 140ರ ಆಸುಪಾಸು, ಅಗಸಿ 170ರ ಮೇಲೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದಕ್ಕೆ, ಅಗಸಿ ಎಣ್ಣೆ ಬಣ್ಣದ ಹಾಗೆ ಒಣಗುವುದಕ್ಕೆ ಈ ಒಂದು ಅಂಕಿಯಲ್ಲೇ ಸುಳಿವು ಇದೆ.

ಒಂದೇ ಹಿಂಡಿ, ಎರಡು ಲ್ಯಾಬಿನಾಗ ಎರಡು ಪ್ರೋಟೀನ್ ಅಂಕಿ ಕೊಟ್ರು. ಯಾರದು ಸುಳ್ಳು?

ಇಬ್ಬರದೂ ಸುಳ್ಳಲ್ಲದೆ ಇರಬಹುದು. ಲ್ಯಾಬಿನವರು ಸಾಮಾನ್ಯವಾಗಿ ಪ್ರೋಟೀನನ್ನೇ ಅಳೆಯುವುದಿಲ್ಲ. ಸಾರಜನಕ ಅಳೆದು ಒಂದು ಅಂಕಿಯಿಂದ ಗುಣಿಸುತ್ತಾರೆ. ಪಶು ಆಹಾರಕ್ಕೆ ರೂಢಿ 6.25. ಶೇಂಗಾ ಪ್ರೋಟೀನಿಗೆ ಸರಿಯಾದದ್ದು 5.46. ಸಾರಜನಕ 7.2% ಇದ್ದರೆ ಒಂದು ಲೆಕ್ಕದಲ್ಲಿ 45, ಇನ್ನೊಂದರಲ್ಲಿ 39. ಯಾವುದರಿಂದ ಗುಣಿಸಿದಿರಿ ಎಂದು ಕೇಳಿ. ಯೂರಿಯಾ ಬೆರೆಸಿದರೂ ಸಾರಜನಕ ಏರುತ್ತದೆ, ಕಾಗದದ ಮೇಲೆ ಅದೂ ಪ್ರೋಟೀನ್ ಆಗುತ್ತದೆ. ಹಿಂಡಿ ಕೊಳ್ಳುವವರು ಇದನ್ನು ಮರೆಯಬಾರದು.

ತುಪ್ಪದಾಗ ಡಾಲ್ಡಾ ಕೂಡಿಸ್ಯಾರೇನು ಅಂತ ನೋಡಾಕ ಎಳ್ಳೆಣ್ಣಿ ಯಾಕ ಬೇಕು?

ವನಸ್ಪತಿಗೆ, ಅಂದರೆ ನೀವು ಹೇಳುವ ಡಾಲ್ಡಾಕ್ಕೆ, ಕನಿಷ್ಠ 5% ಎಳ್ಳೆಣ್ಣೆ ಬೆರೆಸಬೇಕು ಎಂದು ನಮ್ಮಲ್ಲಿ ಕಾನೂನು ಮಾಡಿದ್ದರು. ರುಚಿಗಲ್ಲ, ಗುರುತಿಗೆ. ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ, ಫರ್ಫ್ಯೂರಲ್ ಹಾಕಿ ಕುಲುಕಿದರೆ ಕೆಳಗಿನ ಪದರ ಗುಲಾಬಿಯಾಗುತ್ತದೆ. ಸೆಸಮೋಲಿನ್ ಒಡೆದು ಸೆಸಮೋಲ್ ಆಗಿ ಆ ಬಣ್ಣ ಕೊಡುತ್ತದೆ. ಇದಕ್ಕೆ ಬೌಡೋಯಿನ್ ಪರೀಕ್ಷೆ ಎನ್ನುತ್ತಾರೆ. ತುಪ್ಪಕ್ಕೆ ವನಸ್ಪತಿ ಬೆರೆಸಿದ್ದರೆ ಎಳ್ಳು ಸಾಕ್ಷಿ ಹೇಳುತ್ತದೆ. ಪಾಮ್ ಎಣ್ಣೆಯನ್ನೋ ಬೇರೆ ಕೊಬ್ಬನ್ನೋ ಬೆರೆಸಿದ್ದರೆ ಈ ಸಾಕ್ಷಿ ಸಿಗುವುದಿಲ್ಲ.

ಇದನ್ನು ಮಾಡುವವರಿಗೆ ಒಂದು ಮಾತು. ಒಮ್ಮೆ ಒಬ್ಬರು ತಂದ ತುಪ್ಪ ಗುಲಾಬಿಗೆ ತಿರುಗಿತು. ಮಾರಿದವರ ಮನೆಗೆ ಜಗಳಕ್ಕೆ ಹೊರಟೇಬಿಟ್ಟಿದ್ದರು. ಆಮೇಲೆ ತಿಳಿಯಿತು, ದೇವರ ದೀಪಕ್ಕೆ ಎಳ್ಳೆಣ್ಣೆ ಹಾಕುವ ಚಮಚವನ್ನೇ ತುಪ್ಪದ ಡಬ್ಬಿಗೂ ಹಾಕುತ್ತಿದ್ದರು.